ಎಷ್ಟಾಗಿತ್ತು ಅಮ್ಮನಿಗೆ?

ಈ ವಾರ ನಮ್ಮ ಮನೆ ಜಗಲಿಯಲ್ಲಿ ಒಂದೇ ಮಾತು ಎಷ್ಟು ಸಲ ನಡೆಯಿತೋ. ಬಂದವರು ಚಪ್ಪಲಿ ಬಿಟ್ಟು, ಕುರ್ಚಿಯ ತುದಿಯಲ್ಲಿ ಕೂತು, ಮೊದಲು ಕೇಳುವುದು ಇದನ್ನೇ.

“ಎಷ್ಟಾಗಿತ್ತು ಅಮ್ಮನಿಗೆ?”

“91.”

“ಓ. ಹಾಗಾದ್ರೆ ಸರಿ ಬಿಡಿ. ತುಂಬು ಜೀವನ.”

ಆ ‘ಸರಿ ಬಿಡಿ’ ಅಂದ ಕೂಡಲೇ ಅವರ ಮುಖ ಸಡಿಲವಾಗುತ್ತದೆ. ಬೆನ್ನು ಕುರ್ಚಿಗೆ ಒರಗುತ್ತದೆ. ಮಾತು ಅಡಿಕೆ ರೇಟಿಗೆ, ಮಂಗನ ಕಾಟಕ್ಕೆ ಹೊರಳುತ್ತದೆ. ನಿವೃತ್ತ ಅಧಿಕಾರಿಯೊಬ್ಬರಂತೂ “ನಮ್ಮ ತಾಯಿ ಹೋಗಿದ್ದು 96ಕ್ಕೆ” ಅಂದರು. ಗೆದ್ದವರ ದನಿಯಲ್ಲಿ. ತಮ್ಮನೋ, ಯಾರೂ ಕೇಳುವ ಮೊದಲೇ “91 ಆಗಿತ್ತು” ಅಂತ ಶುರು ಮಾಡುತ್ತಾನೆ. ಅವನು ಮೊದಲಿಂದಲೂ ಹಾಗೇ. ಎದುರಿಗೆ ಕೂತವರಿಗೆ ಇರುಸುಮುರುಸಾಗಬಾರದು, ಅಷ್ಟೇ.

ಆ 91 ಆದರೂ ಎಲ್ಲಿಂದ ಬಂತು? ಆಧಾರ್ ಕಾರ್ಡಿನಲ್ಲಿ ಅಮ್ಮ ಹುಟ್ಟಿದ್ದು ಜನವರಿ 1. ದಾಖಲೆ ಇಲ್ಲದ ಎಷ್ಟೋ ಹಳಬರಿಗೆ ಅದೇ ದಿನ. ಬ್ಯಾಂಕಿನಿಂದ ಹುಟ್ಟುಹಬ್ಬದ ಮೆಸೇಜು ಬಂದರೆ ಅಮ್ಮ ನಗುತ್ತಿದ್ದಳು. “ನನ್ನ ಹೆತ್ತವಳಿಗೆ ನೆನಪಿಲ್ಲದ್ದು ಬ್ಯಾಂಕಿನವರಿಗೆ ಗೊತ್ತಾಗಿದೆ ನೋಡು.” ಗಾಂಧೀಜಿ ಸಿರ್ಸಿಗೆ ಬಂದುಹೋದ ವರ್ಷ ನೀನು ಹುಟ್ಟಿದ್ದು ಅಂತ ಅವಳಪ್ಪ ಹೇಳಿದ್ದರಂತೆ. ಅಂದರೆ 1934. ನಮ್ಮ ಲೆಕ್ಕಕ್ಕೆ ಇರುವ ಆಧಾರ ಇಷ್ಟೇ.

ಅಮ್ಮನದು ಬೇರೆಯೇ ಲೆಕ್ಕ. ಸಾಗರದ ಮಾರಿ ಜಾತ್ರೆ ಮೂರು ವರ್ಷಕ್ಕೊಮ್ಮೆ. ಅವಳ ಬದುಕೆಲ್ಲ ಆ ಮೂರು ಮೂರು ವರ್ಷಗಳಲ್ಲೇ ಅಳೆದದ್ದು. “ಆ ಜಾತ್ರೆಗೆ ನೀನು ಹೊಟ್ಟೇಲಿದ್ದೆ.” “ನಿಮ್ಮಪ್ಪ ಅಂಗಡಿ ಇಟ್ಟ ವರ್ಷದ ಜಾತ್ರೆ.” ಇನ್ನೊಂದು ಗುರುತು ನೀರು. ಮುಳುಗುವ ಮೊದಲು, ಮುಳುಗಿದ ಮೇಲೆ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತು. ಅವಳ ತವರಿನ ಮನೆ, ತೋಟ, ಗದ್ದೆ ಎಲ್ಲ ಶರಾವತಿ ಹಿನ್ನೀರಿನ ಪಾಲು. ಆಗ ಅವಳಿಗೆ 30. ನಾನು ತೊಟ್ಟಿಲಲ್ಲಿದ್ದೆ. ತವರಿನವರು ಹಂಚು, ಬಾಗಿಲು ಕಿತ್ತು ಗಾಡಿಗೆ ಹೇರಿಕೊಂಡು ಹೊರಟರು. ನಮ್ಮ ಹಿತ್ತಿಲ ಬಚ್ಚಲಿಗೆ ಇವತ್ತಿಗೂ ಇರುವುದು ಆ ಮನೆಯದೇ ಬಾಗಿಲು. ಆ ಮನೆಗೆ ಎಷ್ಟು ವರ್ಷವಾಗಿತ್ತು ಅಂತ ಕೇಳಿ, ‘ಸರಿ ಬಿಡಿ’ ಅಂತ ಆಗ ಯಾರೂ ಅಂದಿರಲಿಕ್ಕಿಲ್ಲ.

2025ರ ಜುಲೈನಲ್ಲಿ ಅದೇ ಹಿನ್ನೀರಿನ ಮೇಲೆ ಸಿಗಂದೂರಿನ ಸೇತುವೆ ಶುರುವಾದಾಗ ಕಾರಿನಲ್ಲಿ ಕರೆದುಕೊಂಡು ಹೋಗಿದ್ದೆ. ಅಷ್ಟು ವರ್ಷ ಬಿಸಿಲಲ್ಲಿ ಲಾಂಚಿಗೆ ಕಾದವಳು, ಖುಷಿಪಡುತ್ತಾಳೆ ಅಂದುಕೊಂಡಿದ್ದೆ. ಅವಳು ನೀರನ್ನೇ ನೋಡುತ್ತಾ, “ಇಷ್ಟು ಬೇಗ ದಾಟಿಬಿಟ್ರೆ ನಮ್ಮನೆ ಎಲ್ಲಿತ್ತು ಅಂತ ಹುಡುಕೋದು ಹ್ಯಾಗೆ?” ಅಂದಳು. ಲಾಂಚಿನಲ್ಲಿ ಹೋಗುವಾಗಲೆಲ್ಲ ಕೈ ಮಾಡಿ ತೋರಿಸುತ್ತಿದ್ದಳು. ಪ್ರತಿ ಸಲವೂ ಬೇರೆ ಕಡೆಗೆ.

ಇಷ್ಟಕ್ಕೂ ವಯಸ್ಸು ಹೆಚ್ಚಾದಷ್ಟೂ ದುಃಖ ಕಡಿಮೆಯಾಗಬೇಕು ಅಂತ ಯಾರು ಹೇಳಿದ್ದು? ನನಗೆ ಅನ್ನಿಸುವುದು ಉಲ್ಟಾ. ಅರವತ್ತು ದಾಟಿದ ನನ್ನನ್ನು “ಊಟ ಆಯ್ತೇನೋ?” ಅಂತ ಗದರುವವಳೊಬ್ಬಳು ಮನೆಯಲ್ಲಿದ್ದಳು. ಜಾಸ್ತಿ ವರ್ಷ ಜೊತೆಗಿದ್ದರೆ ರೂಢಿಯೂ ಜಾಸ್ತಿಯೇ ಅಲ್ವಾ? ಕೊನೆಗೆ ಅವಳು ಪಟ್ಟ ಕಷ್ಟ ನೋಡಿದವರು ‘ಬಿಡುಗಡೆ ಆಯ್ತು’ ಅಂದರೆ ಒಪ್ಪುತ್ತೇನೆ. ಅದು ಅವಳ ಲೆಕ್ಕ. ನನ್ನದನ್ನೂ ಅದರಲ್ಲೇ ಸೇರಿಸಿ ಚುಕ್ತಾ ಮಾಡಿದರೆ ಹೇಗೆ?

ಹೂ ಮಾರುವ ಹೆಂಗಸೊಬ್ಬಳೇ ವಯಸ್ಸು ಕೇಳಲಿಲ್ಲ. “ಇನ್ನು ನನ್ನ ಹತ್ರ ಚೌಕಾಸಿ ಮಾಡೋರು ಯಾರು?” ಅಂತ ಮೆಟ್ಟಿಲ ಮೇಲೇ ಕೂತು ಅತ್ತಳು. ಒಂದು ಮೊಳ ಹೂವಿಗೆ ಅಮ್ಮ ಅವಳನ್ನು ಗೋಳು ಹೊಯ್ದುಕೊಂಡಿದ್ದು ಅಷ್ಟಿಷ್ಟಲ್ಲ. ಜಿಪುಣಿಯೇ. ಸುಮ್ನೆ ಯಾಕೆ ಮುಚ್ಚಿಡಬೇಕು?

ನಿನ್ನೆ ರಾತ್ರಿ ಅಕ್ಕನಿಗೂ ನನಗೂ ಸಣ್ಣ ಜಗಳ. ತಮ್ಮ ಜಾತ್ರೆಯಲ್ಲಿ ಕಳೆದುಹೋಗಿ, ಪೊಲೀಸಿನವರ ಪಕ್ಕ ಕಡ್ಲೆ ತಿನ್ನುತ್ತಾ ಕೂತಿದ್ದು ಯಾವ ವರ್ಷ? ಅಪ್ಪ ಅಂಗಡಿ ಇಟ್ಟ ವರ್ಷವೇ ಅಂತ ನಾನು. ಅಲ್ಲ, ಅದರ ಮುಂದಿನ ಜಾತ್ರೆ ಅಂತ ಅವಳು. ಇಂಥದ್ದಕ್ಕೆಲ್ಲ ಇಷ್ಟು ವರ್ಷ ಅಡುಗೆಮನೆಯಿಂದಲೇ ತೀರ್ಪು ಬರುತ್ತಿತ್ತು. ಅಕ್ಕ ಬಿಡಲಿಲ್ಲ, ನಾನೂ ಬಿಡಲಿಲ್ಲ. ತಮ್ಮನನ್ನು ಕೇಳಿದರೆ, ತಾನು ಕಳೆದೇ ಹೋಗಿರಲಿಲ್ಲ ಅನ್ನುತ್ತಾನೆ.