ಟೆಂಟ್ ಎಲ್ಲಿ ಹಾಕುತ್ತಾರೆ ಅಂತ ಮೊದಲು ಕೇಳಿ: ನಮೀಬಿಯಾದಲ್ಲಿ ನಮ್ಮ ಕ್ಯಾಂಪಿಂಗ್ ಪ್ರವಾಸ

"ಇದು ಬಸ್ ಅಲ್ಲ, ಟ್ರಕ್." ಕೇಪ್ ಟೌನ್‌ನಲ್ಲಿ ಹತ್ತುವಾಗಲೇ ಗೈಡ್ ತಿದ್ದಿದರು. ಬಾಯಿ ತಪ್ಪಿ ಬಸ್ ಅಂದವರಿಗೆ ಅವತ್ತು ರಾತ್ರಿ ಪಾತ್ರೆ ತೊಳೆಯುವ ಶಿಕ್ಷೆ. ನೋಡಿದರೆ ಅವರು ಹೇಳಿದ್ದು ಸರಿಯೇ. ಲಾರಿಯ ಚಾಸಿ ಮೇಲೆ ಸೀಟು, ಕಿಟಕಿ ಕೂರಿಸಿದ್ದಾರೆ. ಪಕ್ಕದ ಬಾಗಿಲು ಎತ್ತಿದರೆ ಪೂರ್ತಿ ಅಡುಗೆಮನೆ. ಗ್ಯಾಸ್ ಸಿಲಿಂಡರ್, ಪಾತ್ರೆ, ತಟ್ಟೆ, ಮಡಚುವ ಕುರ್ಚಿ, ನೀರಿನ ಟ್ಯಾಂಕ್, ಎಲ್ಲಾ ಅದರೊಳಗೆ.

ನಾನು, ನನ್ನ ತಂಗಿ ಆಗಸ್ಟ್‌ನಲ್ಲಿ ಹೋಗಿದ್ದೆವು. ಕೇಪ್ ಟೌನ್‌ನಿಂದ ಉತ್ತರಕ್ಕೆ ಹೊರಟು, ನಮೀಬಿಯಾದ ಮರುಭೂಮಿ, ಅಟ್ಲಾಂಟಿಕ್ ಕರಾವಳಿ, ಎಟೋಷಾ ರಾಷ್ಟ್ರೀಯ ಉದ್ಯಾನ ನೋಡಿಕೊಂಡು ವಿಂಡ್‌ಹುಕ್‌ನಲ್ಲಿ ಮುಗಿಯುವ 12 ದಿನದ ಪ್ರವಾಸ. ಟ್ರಕ್‌ನಲ್ಲಿ ಇಪ್ಪತ್ತು ಜನ. ಭಾರತದವರು ನಾವಿಬ್ಬರೇ.

ಬುಕ್ ಮಾಡುವಾಗ ನಾವು ದುಡ್ಡು, ದಿನ, ಊಟ ಎಲ್ಲಾ ವಿಚಾರಿಸಿದ್ದೆವು. ಕೇಳಬೇಕಾಗಿದ್ದ ಒಂದು ಪ್ರಶ್ನೆ ಮಾತ್ರ ಹೊಳೆಯಲಿಲ್ಲ. ಕ್ಯಾಂಪ್ ಪಾರ್ಕ್ ಗೇಟಿನ ಒಳಗೋ, ಹೊರಗೋ? ಇದು ಸಣ್ಣ ವಿಷಯ ಅಲ್ಲ. ಅದರ ಬೆಲೆ ನಮಗೆ ಸೆಸ್ರೀಮ್‌ನಲ್ಲಿ ಗೊತ್ತಾಯಿತು.

ಸೊಸ್ಸುಸ್‌ಫ್ಲೇಯ ಕೆಂಪು ಮರಳು ದಿಬ್ಬಗಳಿಗೆ ಹೋಗುವ ಗೇಟು ಇರುವುದು ಸೆಸ್ರೀಮ್‌ನಲ್ಲಿ. ಹೊರಗಿನ ಗೇಟು ತೆಗೆಯುವುದು ಸೂರ್ಯ ಹುಟ್ಟುವ ಹೊತ್ತಿಗೆ. ಒಳಗಿನ ಕ್ಯಾಂಪ್‌ನಲ್ಲಿ ಉಳಿದವರಿಗೆ ಇನ್ನೊಂದು ಗೇಟಿದೆ, ಅದು ಒಂದು ಗಂಟೆ ಮೊದಲೇ ತೆಗೆಯುತ್ತದೆ. ಫೋಟೋಗಳಲ್ಲಿ ಎಲ್ಲರೂ ಹತ್ತುವ 'ಡ್ಯೂನ್ 45' ಗೇಟಿನಿಂದ 45 ಕಿ.ಮೀ. ಲೆಕ್ಕ ನೀವೇ ಹಾಕಿ. ನಮ್ಮ ಕ್ಯಾಂಪ್ ಹೊರಗಿತ್ತು. ನಾಲ್ಕೂವರೆಗೆ ಎದ್ದು, ಚಳಿಯಲ್ಲಿ ನಡುಗುತ್ತಾ ಟೆಂಟ್ ಬಿಚ್ಚಿ, ಗೇಟಿನ ಮುಂದೆ ಸಾಲಿನಲ್ಲಿ ನಿಂತೆವು. ಸೂರ್ಯೋದಯ ನೋಡಿದ್ದು ಟ್ರಕ್ ಕಿಟಕಿಯಿಂದ. ನಾವು ದಿಬ್ಬದ ಬುಡ ಮುಟ್ಟುವಾಗ ಒಳಗೆ ಉಳಿದವರು ಇಳಿದು ಬಂದು ಕಾಫಿ ಕುಡಿಯುತ್ತಿದ್ದರು. ತಂಗಿ ಅವತ್ತು ಮಧ್ಯಾಹ್ನದವರೆಗೂ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಬುಕ್ ಮಾಡಿದ್ದು ನಾನು ಅಲ್ವಾ!

ಆದರೂ ಡೆಡ್‌ಫ್ಲೇ ಅವಳ ಸಿಟ್ಟನ್ನು ಇಳಿಸಿತು. ಡಾಂಬರು ರಸ್ತೆ ಮುಗಿದ ಮೇಲೆ ಕೊನೆಯ ಐದು ಕಿ.ಮೀ. ಬರೀ ಮರಳು, ಫೋರ್ ವೀಲ್ ಜೀಪಿನಲ್ಲೇ ಹೋಗಬೇಕು. ಆಮೇಲೆ ಸುಮಾರು ಒಂದು ಕಿ.ಮೀ. ನಡಿಗೆ. ಬಿಳಿ ಜೇಡಿಯ ಬಟ್ಟಲು, ಸುತ್ತ ಕೆಂಪು ದಿಬ್ಬಗಳು, ನಡುವೆ ಕಪ್ಪಗೆ ನಿಂತ ಜಾಲಿ ಜಾತಿಯ ಮರಗಳು. ಸತ್ತು ಆರುನೂರು ವರ್ಷದ ಮೇಲಾಗಿದೆ. ಕೊಳೆಯುವುದಕ್ಕೂ ತೇವ ಬೇಕಲ್ಲ, ಅದೂ ಅಲ್ಲಿಲ್ಲ. ಹಾಗೇ ಒಣಗಿ ನಿಂತಿವೆ. ಅಲ್ಲಿಗೆ ಚಪ್ಪಲಿಯಲ್ಲಿ ಹೋಗಬೇಡಿ. ಹತ್ತು ಗಂಟೆ ದಾಟಿದರೆ ಮರಳು ಕಾಲು ಸುಡುತ್ತದೆ. ಕಾಲುಚೀಲ, ಶೂ, ಒಬ್ಬರಿಗೆ ಎರಡು ಲೀಟರ್ ನೀರು ಬೇಕೇ ಬೇಕು.

ಇನ್ನು ದೂರದ ವಿಷಯ. ನಮೀಬಿಯಾ ಕರ್ನಾಟಕದ ನಾಲ್ಕು ಪಟ್ಟು ದೊಡ್ಡದು. ಜನ ಸುಮಾರು 30 ಲಕ್ಷ, ಅಂದರೆ ಬೆಂಗಳೂರಿನ ಕಾಲು ಭಾಗವೂ ಇಲ್ಲ. ಒಂದೊಂದು ದಿನ ಆರೇಳು ಗಂಟೆ ಟ್ರಕ್‌ನಲ್ಲೇ ಕೂತಿರಬೇಕು, ಅದರಲ್ಲೂ ಜಾಸ್ತಿ ಜಲ್ಲಿ ರಸ್ತೆ. ಮೈಯೆಲ್ಲಾ ಅಲುಗಾಡುವುದಕ್ಕೆ ಗೈಡ್‌ಗಳು 'ಆಫ್ರಿಕನ್ ಮಸಾಜ್, ಫ್ರೀ' ಅನ್ನುತ್ತಾರೆ. ಸೊಂಟ ನೋವಿದ್ದವರು ಹಿಂದಿನ ಸೀಟು ಹಿಡಿಯಬೇಡಿ. ಗಂಟೆಗಟ್ಟಲೆ ಒಂದು ಅಂಗಡಿಯೂ ಸಿಗುವುದಿಲ್ಲ, ಶೌಚಾಲಯ ಅಂದರೆ ಪೊದೆ. ಮರುಭೂಮಿಯಲ್ಲಿ ಪೊದೆಯೂ ಇಲ್ಲ. ಹೆಂಗಸರು ಒಂದು ಹಳೇ ಲುಂಗಿ ಅಥವಾ ದುಪಟ್ಟಾ ಇಟ್ಟುಕೊಳ್ಳಿ. ಒಬ್ಬರು ಹಿಡಿದು ನಿಂತರೆ ಮರೆಯಾಯಿತು. ಮೂರನೇ ದಿನದಿಂದ ಟ್ರಕ್‌ನ ಹೆಂಗಸರೆಲ್ಲಾ ನಮ್ಮ ಲುಂಗಿಯನ್ನೇ ಕೇಳುತ್ತಿದ್ದರು.

ಕೆಲಸಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿ. ಟೆಂಟ್ ನಾವೇ ಹಾಕಬೇಕು, ನಾವೇ ಬಿಚ್ಚಬೇಕು. ತರಕಾರಿ ಹೆಚ್ಚುವುದು, ಪಾತ್ರೆ ತೊಳೆಯುವುದು, ಟ್ರಕ್ ಗುಡಿಸುವುದು ಪಾಳಿಯ ಮೇಲೆ. ಒರೆಸುವ ಬಟ್ಟೆ ಕೊಡುವುದಿಲ್ಲ. ತೊಳೆದ ತಟ್ಟೆಗಳನ್ನು ಎರಡೂ ಕೈಯಲ್ಲಿ ಹಿಡಿದು ಗಾಳಿಯಲ್ಲಿ ಬೀಸಿ ಒಣಗಿಸಬೇಕು. ಇಪ್ಪತ್ತು ಜನ ಸುತ್ತ ನಿಂತು ತಟ್ಟೆ ಬೀಸುವುದನ್ನು ದೂರದಿಂದ ನೋಡಿದರೆ ಏನೋ ಪೂಜೆ ನಡೆಯುತ್ತಿದೆ ಅನ್ನಬೇಕು.

ಸಸ್ಯಾಹಾರಿಗಳಾದರೆ ಬುಕ್ ಮಾಡುವಾಗಲೇ ಬರೆದು ಕೊಡಿ, ಮೊದಲ ದಿನ ಅಡುಗೆಯವರಿಗೆ ಬಾಯಲ್ಲಿ ಇನ್ನೊಮ್ಮೆ ಹೇಳಿ. ಅಲ್ಲಿ ಸಂಜೆ ಅಂದರೆ ಕೆಂಡದ ಮೇಲೆ ಮಾಂಸ. ನಮಗೆ ಅದೇ ಕೆಂಡದಲ್ಲಿ ಕುಂಬಳ, ಜೋಳದ ತೆನೆ, ಆಲೂಗೆಡ್ಡೆ. ನನಗೆ ಹಿಡಿಸಿದ್ದು 'ಪಾಪ್'. ಬಿಳಿ ಮೆಕ್ಕೆಜೋಳದ ಹಿಟ್ಟನ್ನು ಗಟ್ಟಿಯಾಗಿ ತೊಳಸಿ ಮಾಡುತ್ತಾರೆ, ಕೈಯಲ್ಲಿ ಮುರಿದು ಸಾರಿನಲ್ಲಿ ಅದ್ದಿ ತಿನ್ನುವುದು. ನಮ್ಮ ಮುದ್ದೆಯ ಬಿಳಿ ತಮ್ಮ ಅಂದುಕೊಳ್ಳಿ. ತಂಗಿ ಕೋಲು ಇಸಿದುಕೊಂಡು ಗಂಟಾಗದ ಹಾಗೆ ತಿರುವಿ ತೋರಿಸಿದಳು. ಅಡುಗೆಯವರು ಜಿಂಬಾಬ್ವೆಯವರು. "ನಿಮ್ಮೂರಲ್ಲೂ ಇದೆಯಾ?" ಅಂತ ನಂಬದೇ ಕೇಳಿದರು. ಅವತ್ತಿನಿಂದ ನಮಗೆ ಒಂದು ಸೌಟು ಜಾಸ್ತಿ. ಚಟ್ನಿಪುಡಿ ಒಂದು ಪ್ಯಾಕೆಟ್ ಸಾಕು ಅಂದುಕೊಂಡಿದ್ದೆ, ಇಡೀ ಟ್ರಕ್ಕೇ ತಿಂದು ಮುಗಿಸಿತು. ಎರಡು ಒಯ್ಯಿರಿ.

ಕರಾವಳಿ ಅಂದರೆ ಗೋಕರ್ಣದ ಹಾಗೆ ಬೆಚ್ಚಗಿರುತ್ತದೆ ಅಂತ ಸ್ವೆಟರ್ ಬ್ಯಾಗಿನ ತಳಕ್ಕೆ ತುರುಕಬೇಡಿ. ದಕ್ಷಿಣದಿಂದ ಸಮುದ್ರದೊಳಗೇ ಹರಿದು ಬರುವ ಬೆಂಗ್ವೆಲಾ ಅನ್ನುವ ತಣ್ಣನೆಯ ನೀರಿನಿಂದಾಗಿ ಸ್ವಾಕೋಪ್‌ಮುಂಡ್‌ನಲ್ಲಿ ಎಷ್ಟೋ ದಿನ ಬೆಳಗ್ಗೆ ಮಂಜು ಕವಿದಿರುತ್ತದೆ. ಒಳನಾಡಿನಲ್ಲಿ ಬೆವರುತ್ತಿದ್ದವರು ಎರಡು ಗಂಟೆಯಲ್ಲಿ ಜಾಕೆಟ್ ಹುಡುಕುವ ಹಾಗಾಗುತ್ತದೆ. ಜರ್ಮನ್ನರು ಆಳಿದ್ದ ಊರು, ಕಟ್ಟಡಗಳೂ ಬೇಕರಿಗಳೂ ಹಾಗೇ ಇವೆ. ಅಲ್ಲಿ ಎರಡು ರಾತ್ರಿ ಟೆಂಟ್ ಇಲ್ಲ, ಹಾಸಿಗೆ. ಬಟ್ಟೆ ಒಗೆಯುವುದು, ಸಾಮಾನು ಕೊಳ್ಳುವುದು ಎಲ್ಲಾ ಅಲ್ಲೇ ಮುಗಿಸಿ. ವಿಮಾನದಲ್ಲಿ ಕರಾವಳಿ ನೋಡುವುದು, ಮರಳಿನಲ್ಲಿ ಹಲಗೆ ಮೇಲೆ ಜಾರುವುದು, ಇದಕ್ಕೆಲ್ಲಾ ಬೇರೆ ದುಡ್ಡು. ಮೊದಲೇ ತೆಗೆದಿಟ್ಟುಕೊಳ್ಳಿ.

ಉತ್ತರಕ್ಕೆ ಹೆಂಟೀಸ್ ಬೇ ದಾರಿಯಲ್ಲಿ ದಡದ ಹತ್ತಿರವೇ ತುಕ್ಕು ಹಿಡಿದ ಹಡಗೊಂದು ವಾಲಿ ನಿಂತಿದೆ. ಹೆಸರು ಝೈಲಾ. ಗುಜರಿಗೆ ಅಂತ ಭಾರತದ ಕಂಪನಿಗೆ ಮಾರಿದ್ದ ಮೀನುಗಾರಿಕೆ ಹಡಗು. ಮುಂಬೈಗೆ ಎಳೆದುಕೊಂಡು ಹೊರಟಾಗ ಹಗ್ಗ ಕಳಚಿ 2008ರ ಆಗಸ್ಟ್‌ನಲ್ಲಿ ಇಲ್ಲಿಗೆ ಬಂದು ಸಿಕ್ಕಿಕೊಂಡಿತು. ಈಗ ಮೇಲೆಲ್ಲಾ ನೀರುಕಾಗೆಗಳ ಸಂಸಾರ. ಇನ್ನೂ ಮುಂದೆ ಕೇಪ್ ಕ್ರಾಸ್. ಪೋರ್ಚುಗೀಸ್ ನಾವಿಕ ಡಿಯೋಗೋ ಕಾವ್ 1486ರಲ್ಲಿ ಶಿಲುಬೆ ನೆಟ್ಟ ಜಾಗ. ಈಗ ಅಲ್ಲಿ ಸೀಲ್ ಅನ್ನುವ ಸಾವಿರಾರು ಕಡಲಪ್ರಾಣಿಗಳು. ಕುರಿಮಂದೆಯ ಹಾಗೆ ಕೂಗು. ವಾಸನೆ? ಮಲ್ಪೆಯ ಒಣಮೀನು ಅದರ ಮುಂದೆ ಅಗರಬತ್ತಿ. ಮೂಗಿಗೆ ಕಟ್ಟಲು ಕರ್ಚೀಫ್ ಇರಲಿ. ತಿಂಡಿ ಆಮೇಲೆ ತಿನ್ನಿ.

ಕಾಗದಪತ್ರದ ಮಾತು ಬೇಗ ಮುಗಿಸುತ್ತೇನೆ. ನಮಗೆ ದಕ್ಷಿಣ ಆಫ್ರಿಕಾ, ನಮೀಬಿಯಾ ಎರಡು ದೇಶದ ವೀಸಾ ಬೇಕು, ಎರಡನ್ನೂ ಊರಲ್ಲೇ ಮಾಡಿಸಿಕೊಳ್ಳಿ. ಆರೆಂಜ್ ನದಿಯ ಗಡಿಯಲ್ಲಿ ನಿಮ್ಮೊಬ್ಬರ ಪೇಪರ್ ಸರಿಯಿಲ್ಲದಿದ್ದರೆ ಇಪ್ಪತ್ತು ಜನ ಬಿಸಿಲಲ್ಲಿ ಕಾಯಬೇಕು. ವಾಪಸ್ ಬರುವಾಗ ಜೋಹಾನ್ಸ್‌ಬರ್ಗ್‌ನಲ್ಲಿ ಇಳಿದು ಹೊರಗೆ ಬರುವುದಿದ್ದರೆ ದಕ್ಷಿಣ ಆಫ್ರಿಕಾಕ್ಕೆ ಎರಡು ಸಲ ಹೋಗಬಹುದಾದ ವೀಸಾ ಇರಬೇಕು. ಅಡಿಸ್ ಅಬಾಬಾ ಅಥವಾ ನೈರೋಬಿ ಮೇಲೆ ಹೋಗುವವರು ಹಳದಿ ಜ್ವರದ ಲಸಿಕೆ ಹಾಕಿಸಿ ಕಾರ್ಡ್ ಇಟ್ಟುಕೊಳ್ಳಿ. ಎಟೋಷಾ ಕಡೆ ಮಲೇರಿಯಾ ಇದೆ, ಮಾತ್ರೆ ಬಗ್ಗೆ ಡಾಕ್ಟರನ್ನು ಕೇಳಿ. ಹಣ ದಕ್ಷಿಣ ಆಫ್ರಿಕಾದ ರಾಂಡ್ ಇದ್ದರೆ ಸಾಕು, ನಮೀಬಿಯಾದಲ್ಲೂ ಸಮಬೆಲೆಗೆ ನಡೆಯುತ್ತದೆ. ನಮೀಬಿಯಾ ಡಾಲರ್ ಮಾತ್ರ ಆಚೆ ದಕ್ಷಿಣ ಆಫ್ರಿಕಾದಲ್ಲಿ ನಡೆಯಲ್ಲ.

ಸೂಟ್‌ಕೇಸ್ ಬೇಡ, ಟ್ರಕ್‌ನ ಲಾಕರ್‌ಗೆ ಹೋಗುವುದೇ ಇಲ್ಲ. ಮೆತ್ತನೆ ಬ್ಯಾಗ್ ತನ್ನಿ. ನಮ್ಮಲ್ಲಿ ಚಾಪೆಯಂಥ ಹಾಸಿಗೆ ಅವರೇ ಕೊಟ್ಟರು, ಸ್ಲೀಪಿಂಗ್ ಬ್ಯಾಗ್ ನಮ್ಮದು. ಆಗಸ್ಟ್‌ನಲ್ಲಿ ರಾತ್ರಿ ಸೊನ್ನೆ ಡಿಗ್ರಿ ಹತ್ತಿರಕ್ಕೂ ಇಳಿಯುತ್ತದೆ, ತೆಳ್ಳಗಿನದು ತಂದು ನಾನು ಒದ್ದಾಡಿದೆ. ಒಂದು ಖುಷಿಯ ವಿಷಯ: ಅಲ್ಲಿನ ಪ್ಲಗ್ ನಮ್ಮ ಗೀಸರ್‌ನ ದಪ್ಪ ಮೂರು ಪಿನ್ನಿನದೇ. ಆ ಪ್ಲಗ್ ಇರುವ ಎಕ್ಸ್‌ಟೆನ್ಷನ್ ಬಾಕ್ಸ್ ಒಯ್ದಿದ್ದಕ್ಕೆ ಕ್ಯಾಂಪ್‌ನಲ್ಲಿ ನಮಗೆ ಭಾರಿ ಮರ್ಯಾದೆ.

ಎಟೋಷಾದಲ್ಲಿ ಮಾತ್ರ ನಮ್ಮ ಕ್ಯಾಂಪ್ ಗೇಟಿನ ಒಳಗಿತ್ತು. ಒಕಾಕ್ವೆಯೊ ಅಂತ ಹೆಸರು. ಸೂರ್ಯ ಮುಳುಗಿದರೆ ಯಾವ ಗಾಡಿಯೂ ಓಡಾಡುವಂತಿಲ್ಲ, ಹೊರಗೆ ಉಳಿಯುವವರು ಅಷ್ಟರಲ್ಲಿ ಹೊರಟುಬಿಡಬೇಕು. ನಾವು ಊಟ ಮುಗಿಸಿ, ಕಂಬಳಿ ಹೊದ್ದುಕೊಂಡು, ನಡೆದೇ ನೀರಿನ ಹೊಂಡಕ್ಕೆ ಹೋದೆವು. ಗಿಡ್ಡ ಗೋಡೆ, ಬೆಂಚು, ಹಳದಿ ದೀಪ. ಒಂಬತ್ತೂವರೆಗೆ ಕತ್ತಲಿನಿಂದ ಒಂದು ಕಪ್ಪು ಘೇಂಡಾಮೃಗ ಬಂತು, ಹಿಂದೆ ಮರಿ. ನೀರಿನಲ್ಲಿ ತಲೆಕೆಳಗಾಗಿ ಇನ್ನೆರಡು. ಮರಿ ಒಂದು ಗುಟುಕು ಕುಡಿಯುವುದು, ತಲೆಯೆತ್ತಿ ಅಮ್ಮನನ್ನು ನೋಡುವುದು, ಮತ್ತೆ ಕುಡಿಯುವುದು. ಅದು ನೀರು ಹೀರುವ ಸದ್ದು ನಮ್ಮ ಬೆಂಚಿಗೆ ಕೇಳುತ್ತಿತ್ತು. ಆಮೇಲೆ ಆನೆಗಳು ಬಂದವು, ಘೇಂಡಾ ಒಂದು ಹೆಜ್ಜೆಯೂ ಸರಿಯಲಿಲ್ಲ. "ಅಕ್ಕಾ, ಮಲಗೋಣ" ಅಂತ ತಂಗಿ ಮೂರು ಸಲ ಅಂದಳು, ಮೂರು ಸಲವೂ ಅವಳೇ ಏಳಲಿಲ್ಲ. ಟೆಂಟಿಗೆ ಬಂದಾಗ ಒಂದು ಗಂಟೆ.

ನಿದ್ದೆಗಣ್ಣಲ್ಲಿ ಚಪ್ಪಲಿ ಹೊರಗೇ ಬಿಟ್ಟಿದ್ದೆವು. ಅಲ್ಲಿ ನರಿಗಳು ಟೆಂಟುಗಳ ನಡುವೆ ನಾಯಿಗಳ ಹಾಗೆ ಓಡಾಡುತ್ತವೆ. ಬೆಳಗ್ಗೆ ತಂಗಿಯ ಬಲಗಾಲಿನದು ಇರಲಿಲ್ಲ. ಶೂ, ಚಪ್ಪಲಿ, ಬಿಸ್ಕೆಟ್, ಎಲ್ಲಾ ಒಳಗಿಟ್ಟು ಜಿಪ್ ಎಳೆದು ಮಲಗಿ.