ಷಿಕಾಗೋದಲ್ಲಿ ಮತದಾನದ ದಿನ

ಷಿಕಾಗೋಗೆ ನಾನು ಹೋದದ್ದು ಅಕ್ಕನ ಮಗಳ ಬಾಣಂತನಕ್ಕೆ. ಚುನಾವಣೆ ನೋಡುವ ಯೋಗ ತಾನಾಗಿ ಕೂಡಿಬಂತು.

2023ರ ಏಪ್ರಿಲ್ 4, ಮಂಗಳವಾರ. ಮೇಯರ್ ಚುನಾವಣೆಯ ಎರಡನೇ ಸುತ್ತು. ಫೆಬ್ರವರಿಯಲ್ಲಿ ಒಂಬತ್ತು ಜನ ನಿಂತಿದ್ದರಂತೆ. ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬೀಳದಿದ್ದರೆ ಮೊದಲಿಬ್ಬರ ನಡುವೆ ಮತ್ತೊಮ್ಮೆ ಮತದಾನ. ಅಧಿಕಾರದಲ್ಲಿದ್ದ ಲೋರಿ ಲೈಟ್‌ಫುಟ್ ಮೂರನೆಯವರಾಗಿ ಮೊದಲ ಸುತ್ತಿನಲ್ಲೇ ಸೋತಿದ್ದರು. ಉಳಿದಿದ್ದವರು ಪಾಲ್ ವ್ಯಾಲಸ್ ಮತ್ತು ಬ್ರ್ಯಾಂಡನ್ ಜಾನ್ಸನ್. ವ್ಯಾಲಸ್ ಹಿಂದೆ ಪೊಲೀಸರ ಸಂಘ, ಜಾನ್ಸನ್ ಹಿಂದೆ ಮೇಷ್ಟ್ರುಗಳ ಸಂಘ. ಜಾನ್ಸನ್ ತಾವೇ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಿದವರು. ಬೀದಿಯಲ್ಲಿ ಗುಂಡಿನ ಸದ್ದು ನಿಲ್ಲಿಸುವುದಕ್ಕೆ ಪೊಲೀಸರನ್ನು ಹೆಚ್ಚಿಸಬೇಕೋ, ಹುಡುಗರಿಗೆ ಕೆಲಸ ಕೊಡಬೇಕೋ? ಊರೆಲ್ಲ ಇದೇ ಮಾತು.

ಮಗುವನ್ನು ಗಾಡಿಯಲ್ಲಿ ಮಲಗಿಸಿಕೊಂಡು ಶಾಲೆಯೊಂದರ ಮತಗಟ್ಟೆಗೆ ಹೋದೆವು. ದಾರಿಯಲ್ಲಿ ಪುಟ್ಟ ನೀಲಿ ಶಂಕುಗಳನ್ನು ಇಟ್ಟಿದ್ದರು. "ಅದರಿಂದ ಒಳಗೆ ಯಾರೂ ಪ್ರಚಾರ ಮಾಡೋ ಹಾಗಿಲ್ಲ ಚಿಕ್ಕಮ್ಮ" ಅಂದಳು. ಕರಪತ್ರ ಹಿಡಿದ ಹುಡುಗಿಯೊಬ್ಬಳು ಆ ಶಂಕುವಿನ ಆಚೆಯೇ ಚಳಿಯಲ್ಲಿ ಕಾಲು ಕುಣಿಸುತ್ತ ನಿಂತಿದ್ದಳು. ಒಂದು ಹೆಜ್ಜೆ ಈಚೆ ಇಡಲಿಲ್ಲ. ಪೊಲೀಸರು ಮಾತ್ರ ಎಲ್ಲೂ ಕಾಣಲಿಲ್ಲ. ಒಳಗೆ ಗುರುತಿನ ಚೀಟಿ ಕೇಳಲಿಲ್ಲ, ಸಹಿ ಹೋಲಿಸಿ ನೋಡಿ ಮತಪತ್ರ ಕೊಟ್ಟರು. ಬೆರಳಿಗೆ ಶಾಯಿಯೂ ಇಲ್ಲ. ನಂಬಿಕೆಯ ಮೇಲೆ ನಡೆಯುವ ಆ ವ್ಯವಸ್ಥೆ ನೋಡಿ ನನಗೆ ನಿಜವಾಗಿ ಖುಷಿಯಾಯಿತು.

ಮಧ್ಯಾಹ್ನ ಕರಿಬೇವು, ಮೆಂತ್ಯ ತರಲು ಡೆವನ್ ಅವೆನ್ಯೂಗೆ ಹೋದೆವು. ಸೀರೆ ಅಂಗಡಿ, ಮಿಠಾಯಿ ಅಂಗಡಿಗಳ ಬೀದಿ ಅದು. ಈ ಊರಲ್ಲಿ ಮತಪತ್ರ ಹಿಂದಿಯಲ್ಲೂ ಸಿಗುತ್ತದೆ ಎಂಬುದು ಗೊತ್ತಾದದ್ದು ಅಲ್ಲೇ.

ರಾತ್ರಿಯೇ ಫಲಿತಾಂಶ ಬಂತು. ಜಾನ್ಸನ್‌ಗೆ ಸುಮಾರು ಶೇ 52 ಮತ. ಮತ ಹಾಕಿದವರು ನೂರಕ್ಕೆ ನಲವತ್ತು ಜನರೂ ಇಲ್ಲ ಎಂದು ಕೇಳಿ ಬೇಸರವಾಯಿತು.

ಮರುದಿನ ಬೆಳಿಗ್ಗೆ ಪಕ್ಕದ ಮನೆಯ ಅಜ್ಜ ಅಂಗಳದಲ್ಲಿ ನೆಟ್ಟಿದ್ದ ವ್ಯಾಲಸ್ ಫಲಕ ಕೀಳುತ್ತಿದ್ದರು. ತಂತಿಯ ಕಾಲಿಗೆ ಮೆತ್ತಿದ್ದ ಮಣ್ಣು ಕೊಡವುತ್ತ, 1979ರ ಕಥೆ ಹೇಳಿದರು. ಆ ಜನವರಿಯಲ್ಲಿ ಬಿದ್ದ ಭಾರಿ ಹಿಮವನ್ನು ಹೊತ್ತಿಗೆ ಸರಿಯಾಗಿ ತೆಗೆಸಲಿಲ್ಲವೆಂದು ಜನ ಮೇಯರ್ ಮೈಕೆಲ್ ಬಿಲ್ಯಾಂಡಿಕ್ ಅವರನ್ನೇ ಸೋಲಿಸಿ, ಜೇನ್ ಬರ್ನ್ ಎಂಬ ಹೆಣ್ಣುಮಗಳನ್ನು ಗೆಲ್ಲಿಸಿದರಂತೆ. ಈ ಊರಿನ ಮೊದಲ ಮಹಿಳಾ ಮೇಯರ್ ಆಕೆ.

"ನಿಮ್ಮೂರ ಮೇಯರ್ ಯಾರು?" ಎಂದು ಕೇಳಿದರು.

ಬೆಂಗಳೂರಿನ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿದಿದೆ, ಆಮೇಲೆ ಚುನಾವಣೆಯೇ ನಡೆದಿಲ್ಲ, ಮೇಯರ್ ಇಲ್ಲ ಎಂದೆ. ಅಜ್ಜ ಫಲಕವನ್ನು ಗೋಡೆಗೆ ಒರಗಿಸಿ, ಕಿವಿಯನ್ನು ನನ್ನ ಕಡೆಗೆ ತಿರುಗಿಸಿ, ಇನ್ನೊಂದು ಸಲ ಹೇಳಿ ಎಂದರು.