ದಪ್ಪ ಕಂಡೆನ್ಸ್ಡ್ ಕನ್ನಡ ಫಾಂಟು: ಈಗ ಒತ್ತಿನ ಸರದಿ

ಮೂಲ ಅಕ್ಷರಗಳು ಒಂದು ಹದಕ್ಕೆ ಬಂದಿವೆ. ಗುಣಿತ ಅರ್ಧ ಮುಗಿದಿದೆ, ಒತ್ತುಗಳು ಈಗಷ್ಟೇ ಶುರು. ಪೋಸ್ಟರು, ಬ್ಯಾನರಿನ ತಲೆಬರಹಕ್ಕೆಂದೇ ನಾನು ಮಾಡುತ್ತಿರುವ ಕಂಡೆನ್ಸ್ಡ್, ಅಂದರೆ ಅಗಲ ಕಿರಿದಾದ, ಫಾಂಟು ಇದು. ಸಣ್ಣ ಸೈಜಿನಲ್ಲಿ ಹೇಗೆ ಕಾಣುತ್ತೆ ಅನ್ನುವ ತಲೆಬಿಸಿ ಇಲ್ಲ.

ಇಂಗ್ಲಿಷಿನಲ್ಲಿ ಈ ಜಾತಿಯ ಫಾಂಟಿಗೆ ದಾರಿ ಸವೆದಿದೆ. ಜೆಫ್ರಿ ಲೀ 1965ರಲ್ಲಿ ಮಾಡಿದ ಇಂಪ್ಯಾಕ್ಟ್ ನೋಡಿ. ದುಂಡಗಿನ ಅಕ್ಷರಗಳ ಪಕ್ಕಗಳನ್ನೂ ಗೋಡೆಯಂತೆ ನೇರ ಮಾಡಿದರೆ ಮುಗಿಯಿತು, ಉಳಿದವು ಬಹುಪಾಲು ನಿಲುವು ಗೀಟುಗಳೇ. ಕನ್ನಡದಲ್ಲಿ ನಿಲುವು ಗೀಟು ಹುಡುಕಬೇಕು! ಡಿಟಿಪಿಯಲ್ಲಿ ಸುಮ್ನೆ ಅಗಲವನ್ನು 60%ಗೆ ಇಳಿಸುವವರು ಇದ್ದಾರೆ. ಆಗ ಪಕ್ಕದ ಗೀಟು ತೆಳ್ಳಗಾಗಿ, ತಲೆಕಟ್ಟು ಮಾತ್ರ ದಪ್ಪಗೇ ಉಳಿಯುತ್ತದೆ. ಊರ ತುಂಬ ಫ್ಲೆಕ್ಸುಗಳಲ್ಲಿ ಇದೇ ಕಾಟ.

ಏಕ್ ಟೈಪ್ ಸಂಸ್ಥೆಯವರ ಅನೇಕ್ ಕನ್ನಡ ಫಾಂಟಿನಲ್ಲಿ ಅಗಲವನ್ನು ಮಾಮೂಲಿಯ 75%ರಿಂದ 125%ರವರೆಗೆ ಬದಲಿಸಬಹುದು. ಅದರ ಅತಿ ದಪ್ಪ, ಅತಿ ಕಿರಿದಾದ ರೂಪವನ್ನು ಪಕ್ಕದಲ್ಲೇ ತೆರೆದಿಟ್ಟುಕೊಂಡಿದ್ದೇನೆ. ನನಗೆ ಬೇಕಿರುವುದು ಇನ್ನೂ ಇಕ್ಕಟ್ಟು.

ಜಾಸ್ತಿ ಸತಾಯಿಸಿದ್ದು ಠ. ರ ಅಕ್ಷರದ ಹೊಟ್ಟೆಯಲ್ಲಿ ಚುಕ್ಕೆ ಇಟ್ಟರೆ ಠ, ಅಲ್ವಾ? ಇಲ್ಲಿ ಹೊಟ್ಟೆಯೇ ಒಂದು ಸೀಳಿನಷ್ಟಿದೆ. ದುಂಡು ಚುಕ್ಕೆ ಇಟ್ಟರೆ ಎರಡೂ ಗೋಡೆಗೆ ತಾಗಿ ಕಪ್ಪು ಮುದ್ದೆ. ಚುಕ್ಕೆಯನ್ನು ಉದ್ದಕ್ಕೆ ಎಳೆದು ಮೋಟು ಗೀಟು ಮಾಡಿದೆ, ಈಗ ದೂರದಿಂದಲೂ ಠ ಅಂತಲೇ ಓದಿಸಿಕೊಳ್ಳುತ್ತದೆ. ಥಗೂ ಅದೇ ಮದ್ದು. ಮ, ಯ, ಝ ಮೂರೂ ಅಗಲದ ಅಕ್ಷರಗಳು. ಅವುಗಳ ಗೀಟನ್ನು ತುಸು ತೆಳುವಾಗಿಸಿದ್ದೇನೆ. ಅಳತೆಗೆ ಸಮ ಇಟ್ಟರೆ ಸಾಲಿನಲ್ಲಿ ಅವೇ ಕಪ್ಪಾಗಿ ಎದ್ದು ಕಾಣುತ್ತವೆ.

ಒತ್ತುಗಳ ಸಮಸ್ಯೆ ಬೇರೆ. ತಲೆಬರಹದ ಎರಡು ಸಾಲು ಹತ್ತಿರ ತಂದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಗುದ್ದುತ್ತದೆ. ಹಾಗಂತ ಮೂಲ ಅಕ್ಷರವನ್ನೇ ಕುಗ್ಗಿಸಿ ಒತ್ತು ಮಾಡಿದರೆ ಗೀಟು ಬಡಕಲಾಗುತ್ತದೆ. ಒಂದೊಂದನ್ನೂ ಗಿಡ್ಡವಾಗಿ, ದಪ್ಪ ಬಿಡದೆ, ಹೊಸದಾಗಿ ಬರೆಯುವುದು ಬಿಟ್ಟು ಬೇರೆ ದಾರಿ ಕಾಣಲಿಲ್ಲ. ಪರೀಕ್ಷೆಗೆ ‘ರಾಷ್ಟ್ರ’ ಇಟ್ಟುಕೊಂಡಿದ್ದೇನೆ. ಟ ಒತ್ತು, ರ ಒತ್ತು ಒಂದರ ಕೆಳಗೊಂದು ಬಂದರೆ ಎತ್ತರ ಕೆಡುತ್ತದೆ, ಅಕ್ಕಪಕ್ಕ ಬಂದರೆ ಅಗಲ ಕೆಡುತ್ತದೆ. ಸದ್ಯಕ್ಕೆ ರ ಒತ್ತಿನ ಬಾಲವನ್ನು ಟ ಒತ್ತಿನ ಅಡಿಗೆ ತೂರಿಸಿದ್ದೇನೆ. ಎರಡಕ್ಕೂ ಸೇರಿ ಒಂದೇ ಗ್ಲಿಫ್, ಅಂದರೆ ಫಾಂಟಿನೊಳಗೆ ಒಂದೇ ಚಿತ್ರ.

ಮುಂದಿನದು ಅರ್ಕಾವೊತ್ತು. ‘ಕರ್ನಾಟಕ’ದಲ್ಲಿ ನಾ ಆದಮೇಲೆ ಅದು ಬಂದು ಕೂತರೆ ಪದ ಇನ್ನಷ್ಟು ಅಗಲ. ರ ಬರೆದು ಕೆಳಗೆ ನ ಒತ್ತು ಕೊಟ್ಟರೆ ಜಾಗ ಉಳಿಯುತ್ತದೆ, ಹಾಗೆ ಬರೆಯುವವರೂ ಇದ್ದಾರೆ. ಮಾಮೂಲಿ ಟೈಪಿಂಗಿಗೆ ಅರ್ಕಾವೊತ್ತನ್ನೇ ಬಿಟ್ಟು, ಇನ್ನೊಂದು ರೂಪವನ್ನು ಬೇಕೆಂದವರು ಆನ್ ಮಾಡಿಕೊಳ್ಳುವ ಹಾಗೆ ಇಡುತ್ತೇನೆ. ಅದಕ್ಕೆ ರ ಪಕ್ಕದ ದೀರ್ಘವನ್ನು ಮೊದಲು ಸರಿಮಾಡಬೇಕು.